ಕುದುರೆ ಹುಚ್ಚು, ಚಿನ್ನದ ಹುಚ್ಚು: ಬಾಲ್ಯದ ಮೋಹ ಹೊಟ್ಟೆಪಾಡಾಗುವುದು ಹೇಗೆ?

ಆಡಿ ತಿಂಗಳು ಬಂತೆಂದರೆ ಕೊಂಗುನಾಡಿನ ಹಳ್ಳಿಗಳಲ್ಲಿ ಹುಡುಗರನ್ನು ಮನೆಯಲ್ಲಿ ಹಿಡಿದು ಕೂರಿಸುವುದು ಕಷ್ಟ. ಅಂದಿಯೂರಿನ ಪಕ್ಕ ಪುದುಪಾಳ್ಯದಲ್ಲಿ ಗುರುನಾಥಸ್ವಾಮಿ ಜಾತ್ರೆ. ಜಾತ್ರೆಯ ಜೊತೆಗೇ ಕುದುರೆ, ದನಗಳ ಸಂತೆ. ಕಾಠಿಯಾವಾಡಿ, ಮಾರವಾಡಿ ತಳಿಯ ಎತ್ತರದ ಕುದುರೆಗಳು ಒಂದು ಸಾಲು, ನಾಟಿ ತಟ್ಟುಗಳು ಒಂದು ಸಾಲು, ಬರಗೂರು ಬೆಟ್ಟದ ಕೆಂಪು-ಬಿಳಿ ದನಗಳು, ಕಾಂಗೇಯಂ ಎತ್ತುಗಳು ಇನ್ನೊಂದು ಕಡೆ. ಟಿಪ್ಪು ಸುಲ್ತಾನ ತನ್ನ ದಂಡಿಗೆ ಇಲ್ಲಿಂದಲೇ ಕುದುರೆ ಕೊಳ್ಳುತ್ತಿದ್ದ ಅಂತ ಇಲ್ಲಿಯವರು ಇಂದಿಗೂ ಹೇಳುತ್ತಾರೆ. ಕಾಗದ ಪತ್ರ ಏನೇ ಹೇಳಲಿ, 1799ರವರೆಗೆ ಈ ಸೀಮೆ ಮೈಸೂರಿನ ಕೈಯಲ್ಲಿ ಇದ್ದದ್ದಂತೂ ನಿಜ. ಅಂದಿಯೂರು ಈಗ ಈರೋಡು ಜಿಲ್ಲೆಗೆ ಸೇರಿದೆ. 1979ರವರೆಗೆ ಅದೂ ಕೊಯಮತ್ತೂರು ಜಿಲ್ಲೆಯೇ. ನಮ್ಮ ಕೊಳ್ಳೇಗಾಲವೇ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಅನ್ನುವುದನ್ನು ಹಳಬರು ಮರೆತಿಲ್ಲ.

ಈ ಸೀಮೆಯಲ್ಲಿ ಕನ್ನಡ ಮಾತಾಡುವ ಮನೆಗಳು ಬಹಳ. ಪೊಳ್ಳಾಚಿ, ಉಡುಮಲೆ ಕಡೆ ಒಕ್ಕಲಿಗರು, ಕೊಯಮತ್ತೂರು ಪೇಟೆಯಲ್ಲೂ ಸಿರುಮುಗೈಯಲ್ಲೂ ಮಗ್ಗದ ದೇವಾಂಗರು, ಹೊಲಗಾಡಿನಲ್ಲಿ ಅನುಪ್ಪ ಗೌಂಡರು, ಬರಗೂರು ಬೆಟ್ಟದಲ್ಲಿ ದನ ಕಾಯುವ ಲಿಂಗಾಯತರು. ಓದು ತಮಿಳಲ್ಲಿ, ವ್ಯಾಪಾರ ತಮಿಳಲ್ಲಿ, ಅವ್ವನ ಹತ್ತಿರ ಮಾತ್ರ ಕನ್ನಡ. ಇಂಥ ಮನೆಯ ಹುಡುಗ ಸಂತೆಯಲ್ಲಿ ನಿಂತು "ಅಪ್ಪಾ, ಒಂದು ಕುದ್ರೆ ತೆಗೊಡು" ಅಂತ ಅಳುವುದು ಹೊಸದಲ್ಲ. ಅದೇ ಮನೆಯ ಇನ್ನೊಂದು ಕೂಸು ಪೇಟೆಗೆ ಹೋದಾಗ ಪತ್ತರ ಅಂಗಡಿಯ ಮುಂದೆ ನಿಂತು, ಊದುಗೊಳವೆಯ ತುದಿಯಲ್ಲಿ ಬೆಂಕಿ ನೀಲಿಯಾಗಿ ಬಾಗಿ ಚಿನ್ನದ ಕಂಬಿ ಕರಗುವುದನ್ನು ಬಾಯಿಬಿಟ್ಟು ನೋಡುವುದೂ ಹೊಸದಲ್ಲ.

ಅಪ್ಪಂದಿರ ಉತ್ತರವೂ ಹಳೆಯದೇ. "ಕುದುರೆ ಏನು ಹಾಲು ಕೊಡುತ್ತಾ? ಚಿನ್ನದ ಕೆಲಸ ಆಚಾರಿಗಳದ್ದಲ್ವಾ? ಸುಮ್ಮನೆ ಬನಿಯನ್ ಕಂಪನಿಗೆ ಹೋಗು." ತಿರುಪ್ಪೂರಿನ ಬನಿಯನ್ ಕಂಪನಿ ಅನ್ನ ಕೊಟ್ಟಿದೆ, ಅದನ್ನು ಹಗುರವಾಗಿ ನೋಡಬೇಕಿಲ್ಲ. ಆದರೆ ಎರಡು ಹುಚ್ಚಿನಲ್ಲಿ ಒಂದನ್ನು ಹಿಡಿದು ಬದುಕು ಕಟ್ಟಿಕೊಳ್ಳಬಹುದೇ, ಕಟ್ಟಿಕೊಳ್ಳುವುದಾದರೆ ದುಡ್ಡು ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ? ಈ ಲೆಕ್ಕ ಯಾರೂ ಹುಡುಗರಿಗೆ ಬಿಡಿಸಿ ಹೇಳುವುದಿಲ್ಲ. ಹೇಳದೇ ಇರುವುದರಿಂದಲೇ ಒಂದು ಎಕರೆ ಮಾರಿ ಕುದುರೆ ತಂದು, ಎರಡು ವರ್ಷಕ್ಕೆ ಅದನ್ನು ಅರ್ಧ ಬೆಲೆಗೆ ತಳ್ಳುವ ಸ್ಥಿತಿ ಬರುತ್ತದೆ. ಲಾಳ ಸಿಕ್ಕಿತೆಂದು ಕುದುರೆ ಕೊಂಡ ಹಾಗೆ ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ.

ಮಣ್ಣಲ್ಲೇ ಇದ್ದ ವ್ಯಾಪಾರ

ಒಡವೆ ಕೆಲಸ ಈ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ನೊಯ್ಯಲ್ ನದಿಯ ದಂಡೆಯ ಕೊಡುಮಣಲ್‌ನಲ್ಲಿ ಅಗೆದವರಿಗೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಮಣಿ ಕಾರ್ಖಾನೆಯ ಗುರುತುಗಳು ಸಿಕ್ಕಿವೆ: ಬೆರಿಲ್, ಸ್ಫಟಿಕ, ಕೆಂಪು ಅಕೀಕು, ಅರ್ಧ ಕೊರೆದು ಬಿಟ್ಟ ಮಣಿಗಳು, ಜೊತೆಗೆ ಕಬ್ಬಿಣ ಕರಗಿಸಿದ ಕುಲುಮೆಗಳು. ಸಂಗಂ ಕಾಲದ ‘ಪದಿಟ್ರುಪ್ಪತ್ತು’ ಹೆಸರಿಸುವ ಕೊಡುಮಣಂ ಇದೇ ಊರು ಎಂದು ವಿದ್ವಾಂಸರ ಮತ. ಕೊಯಮತ್ತೂರಿನ ಪಕ್ಕದ ವೆಳ್ಳಲೂರಿನಲ್ಲಿ ರೋಮನ್ ನಾಣ್ಯಗಳ ರಾಶಿಯೇ ಸಿಕ್ಕಿತು. ಇಲ್ಲಿಯ ಕಲ್ಲು ಪಶ್ಚಿಮ ಕರಾವಳಿಗೆ ಇಳಿದು ಹಡಗು ಹತ್ತಿ ರೋಮಿಗೆ ಹೋಯಿತು, ಅಲ್ಲಿಂದ ಬೆಳ್ಳಿ, ಬಂಗಾರ ಬಂತು.

ಕಾಂಗೇಯದ ಹತ್ತಿರ ಪಡಿಯೂರು ಅಂತ ಒಂದು ಊರು. ಸಮುದ್ರದ ನೀರಿನ ಬಣ್ಣದ ಬೆರಿಲ್ ಅಲ್ಲಿ ಸಿಗುತ್ತಿತ್ತು. 1819–20ರ ಸುಮಾರಿಗೆ ಇಂಗ್ಲಿಷರೂ ಅಲ್ಲಿ ಗಣಿ ತೋಡಿಸಿದರು. ಬೆರಿಲ್ ಅನ್ನುವ ಹೆಸರೇ ನಮ್ಮ ಪ್ರಾಕೃತದ ‘ವೆರುಲಿಯ’ದಿಂದ ಗ್ರೀಕರ ಬಾಯಿಗೆ ಹೋದದ್ದು, ಸಂಸ್ಕೃತದಲ್ಲಿ ಅದು ವೈಡೂರ್ಯ. ಈಗ ಅಂಗಡಿಯಲ್ಲಿ ವೈಡೂರ್ಯ ಕೇಳಿದರೆ ಬೆಕ್ಕಿನ ಕಣ್ಣಿನ ಕಲ್ಲು ಕೊಡುತ್ತಾರೆ, ಅದು ಬೇರೆ ಮಾತು. ಕಾಂಗೇಯಂ, ವೆಳ್ಳಕೋವಿಲ್, ಕರೂರು ಪಟ್ಟೆಯಲ್ಲಿ ಒಂದು ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಹೊಳೆಯುವ ಕಲ್ಲು ಆರಿಸಿಕೊಳ್ಳುವ ಮಕ್ಕಳನ್ನು ಯಾರೂ ಗದರುವುದಿಲ್ಲ. ಒಡವೆಯ ಹುಚ್ಚು ಅಲ್ಲಿಂದಲೇ ಹತ್ತುತ್ತದೆ.

ಕುದುರೆಯ ಕತೆ ಸ್ವಲ್ಪ ಬೇರೆ. ದಕ್ಷಿಣದ ಹವೆಗೆ ಒಳ್ಳೆಯ ಕುದುರೆ ತಾನಾಗಿ ಹುಟ್ಟಿ ಬೆಳೆಯುವುದಿಲ್ಲ ಎಂಬುದು ಹಳೆಯ ರಾಜರಿಗೂ ಗೊತ್ತಿತ್ತು. ಅದಕ್ಕೇ ಅರಬ್ಬೀ ಕುದುರೆಗೆ ಹಡಗುಗಟ್ಟಲೆ ಹಣ ಸುರಿದರು. ಮೈಸೂರು ಸೀಮೆಯಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕುತ್ತಾ ಬಂದ ಕುಣಿಗಲ್ ಫಾರಂ ಒಂದು ದೊಡ್ಡ ಹೆಸರು. ಕೊಂಗುನಾಡಿನಲ್ಲಿ ಕುದುರೆ ಎಂದರೆ ಮೊದಲು ದೇವರು. ಪೊನ್ನರ್–ಶಂಕರ್ ಅಣ್ಣನ್ಮಾರ್ ಗುಡಿಗಳ ಮುಂದೆ ಬಣ್ಣ ಬಳಿದ ಕುದುರೆಗಳು ಕಾಲೆತ್ತಿ ನಿಂತಿರುತ್ತವೆ. ಹರಕೆ ಹೊತ್ತವರು ಕುಂಬಾರನಿಂದ ಮಣ್ಣಿನ ಕುದುರೆ ಮಾಡಿಸಿ ಒಪ್ಪಿಸುತ್ತಾರೆ. ಇಲ್ಲಿಯ ಹುಡುಗ ಮೊದಲು ಹತ್ತುವುದು ಅಂಥ ಒಂದು ಮಣ್ಣಿನ ಕುದುರೆಯ ಬೆನ್ನನ್ನೇ, ಪೂಜಾರಿ ನೋಡದಿದ್ದಾಗ.

ಕುದುರೆ ದಿನವೂ ತಿನ್ನುತ್ತದೆ

ಸಂತೆಯಲ್ಲಿ ಕುದುರೆ ವ್ಯಾಪಾರ ನೋಡುವುದೇ ಒಂದು ಪಾಠ. ದಲ್ಲಾಳಿ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಬೆಲೆ ಹೇಳುತ್ತಾನೆ. ಪಕ್ಕದಲ್ಲಿ ನಿಂತವನಿಗೆ ಅಂಕಿ ತಿಳಿಯುವುದಿಲ್ಲ. "ಏನ್ ಗೌಡ್ರೇ, ಸುಳಿ ನೋಡಿದ್ರಾ? ಒಂದೂ ಕೆಟ್ಟ ಸುಳಿ ಇಲ್ಲ" ಅನ್ನುತ್ತಾನೆ. ಹಣೆ, ಕುತ್ತಿಗೆ, ಎದೆ, ಬೆನ್ನಿನ ಸುಳಿ ನೋಡಿ ಕುದುರೆಯ ಬೆಲೆ ಏರುವುದೂ ಇಳಿಯುವುದೂ ನಮ್ಮ ಕಡೆಯ ರೂಢಿ. ನಂಬುವವರು ನಂಬಲಿ. ಆದರೆ ಸುಳಿ ನೋಡುವ ಮುಂಚೆ ಗೊರಸು ನೋಡಿ ಎನ್ನುವುದು ನಮ್ಮ ಮಾತು. ಗೊರಸಿಲ್ಲದಿದ್ದರೆ ಕುದುರೆಯಿಲ್ಲ. ಹಲ್ಲು ನೋಡಿ ವಯಸ್ಸು ಅಂದಾಜು ಮಾಡಿ, ಗಟ್ಟಿ ನೆಲದ ಮೇಲೆ ಓಡಿಸಿ ಕುಂಟು ಇದೆಯೇ ನೋಡಿ, ಕೆಮ್ಮು, ಮೂಗಿನಲ್ಲಿ ಸೋರಿಕೆ ಇದೆಯೇ ನೋಡಿ.

ಮೂಗಿನ ಸೋರಿಕೆಯ ಮಾತು ಸುಮ್ಮನೆ ಎತ್ತಿದ್ದಲ್ಲ. ಗ್ಲಾಂಡರ್ಸ್ ಅಂತ ಒಂದು ರೋಗ. ಕುದುರೆಯಿಂದ ಮನುಷ್ಯರಿಗೂ ಹತ್ತಬಹುದು. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರಕ್ಕೆ ಹೋಗುತ್ತದೆ. ರೋಗ ಖಚಿತವಾದರೆ ಕುದುರೆಗೆ ದಯಾಮರಣ. ಸರ್ಕಾರದ ಪರಿಹಾರ ನೀವು ಕೊಟ್ಟ ಬೆಲೆಗೆ ಎಂದೂ ಸಾಟಿಯಾಗುವುದಿಲ್ಲ. ಗಡಿ ದಾಟಿಸಿ ಕುದುರೆ ತರುವವರು ಪಶುವೈದ್ಯರ ಆರೋಗ್ಯ ಪತ್ರವಿಲ್ಲದೆ ಲಾರಿಗೆ ಏರಿಸಬಾರದು. ಅಂದಿಯೂರಿನಿಂದ ರಾತ್ರೋರಾತ್ರಿ ತಂದೆ ಅಂತ ಹೆಮ್ಮೆ ಪಡುವವರಿಗೆ ಇದು ಕಹಿಯಾದೀತು.

ಇನ್ನು ಹೊಟ್ಟೆಯ ಲೆಕ್ಕ. 400 ಕಿಲೋ ತೂಗುವ ಕುದುರೆಗೆ ತನ್ನ ತೂಕದ ಶೇ 2ರಷ್ಟು, ಅಂದರೆ ದಿನಕ್ಕೆ 8 ಕಿಲೋ ಒಣ ಲೆಕ್ಕದ ಮೇವು ಬೇಕು. ವರ್ಷಕ್ಕೆ ಸುಮಾರು 3 ಟನ್. ಹಸಿ ಹುಲ್ಲಾದರೆ ಅದರ ನಾಲ್ಕೈದು ಪಟ್ಟು. ನೀರು ದಿನಕ್ಕೆ 25ರಿಂದ 40 ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು. ವರ್ಷಕ್ಕೆ ಏಳೆಂಟು ಸಲ ಆಯಿತು. ಜಂತಿನ ಔಷಧ, ಧನುರ್ವಾಯು ಲಸಿಕೆ, ನೋಡಿಕೊಳ್ಳುವವನ ಸಂಬಳ. ಎಮ್ಮೆ ತಿಂದದ್ದನ್ನು ಹಾಲಾಗಿ ಹಿಂದಕ್ಕೆ ಕೊಡುತ್ತದೆ, ಸಗಣಿಯನ್ನೂ ಕೊಡುತ್ತದೆ. ಕುದುರೆ ಲದ್ದಿ ಕೊಡುತ್ತದೆ, ಮಿಕ್ಕದ್ದನ್ನು ನೀವು ಅದರ ಬೆನ್ನಿನ ಮೇಲಿಂದ ದುಡಿಯಬೇಕು.

ಮೇವಿನ ವಿಷಯದಲ್ಲಿ ನಮ್ಮ ರೈತರು ಎಡವುವುದು ಎರಡು ಕಡೆ. ಎರಡೂ ಈ ಸೀಮೆಗೆ ಹೊಂದಿದವೇ ಆದ್ದರಿಂದ ಸ್ವಲ್ಪ ನಿಂತು ಹೇಳಬೇಕು.

ಒಂದು, ದನದ ಹುಲ್ಲೇ ಕುದುರೆಗೂ ಸಾಕು ಅನ್ನುವುದು. ಕಾಂಗೇಯಂ ಸೀಮೆಯ ‘ಕೊರಂಗಾಡು’ ಗೊತ್ತಿರುವವರಿಗೆ ಗೊತ್ತು: ಮುಳ್ಳು ಕಿಳುವೆಯ ಜೀವಂತ ಬೇಲಿ, ನಡುವೆ ಬಿಳಿಜಾಲಿ ಮರಗಳು, ಕೆಳಗೆ ಕೊಳುಕ್ಕಟ್ಟೆ ಹುಲ್ಲು. ಕಾಂಗೇಯಂ ಎತ್ತುಗಳ ಮೈಕಟ್ಟು ಅಲ್ಲಿಯೇ ಆದದ್ದು. ಆದರೆ ಆ ಹುಲ್ಲಿನಲ್ಲಿ ಆಕ್ಸಲೇಟ್ ಎಂಬ ಅಂಶ ಹೆಚ್ಚು. ಮೆಲುಕು ಹಾಕುವ ದನದ ಹೊಟ್ಟೆ ಅದನ್ನು ಬಹುಮಟ್ಟಿಗೆ ಅರಗಿಸಿಕೊಳ್ಳುತ್ತದೆ; ಕುದುರೆಗೆ ಆಗದು. ಅದು ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈ ತನ್ನ ಮೂಳೆಯಿಂದಲೇ ಸುಣ್ಣ ಕಿತ್ತು ರಕ್ತಕ್ಕೆ ಕೊಡುತ್ತದೆ. ತಿಂಗಳುಗಳು ಕಳೆದ ಮೇಲೆ ಕುದುರೆ ಕುಂಟುತ್ತದೆ, ಮುಖದ ಮೂಳೆ ಊದಿಕೊಳ್ಳುತ್ತದೆ. ಕೊಯಮತ್ತೂರು ಕೃಷಿ ವಿಶ್ವವಿದ್ಯಾಲಯ 2008ರಲ್ಲಿ ಬಿಟ್ಟ ಸಿಓ-4 ನೇಪಿಯರ್ ಹುಲ್ಲು ನಮ್ಮ ಕರ್ನಾಟಕದ ಹೈನಿನವರ ಕೈಯಲ್ಲೂ ಇದೆ. ನೇಪಿಯರ್ ಜಾತಿಗೂ ಇದೇ ಗುಣ. ಇವನ್ನು ಕೊಡಲೇಬಾರದೆಂದಲ್ಲ. ಅದೊಂದನ್ನೇ ಕೊಡಬೇಡಿ; ಒಣ ಹುಲ್ಲು, ಕುದುರೆ ಮಸಾಲೆ ಸೊಪ್ಪು ಬೆರೆಸಿ, ಸುಣ್ಣದ ಅಂಶ ಎಷ್ಟು ಸೇರಿಸಬೇಕೆಂದು ಪಶುವೈದ್ಯರನ್ನು ಕೇಳಿ. ಕುದುರೆ ಮಸಾಲೆ ಎಂಬ ಹೆಸರೇ ಇದೆಯಲ್ಲ!

ಇನ್ನೊಂದು, ಇದು ಜೀವಕ್ಕೇ ಬರುವಂಥದ್ದು. ಪಲ್ಲಡಂ, ಉಡುಮಲೆ ಕಡೆ ಕೋಳಿ ಫಾರಂ ಇಲ್ಲದ ಊರಿಲ್ಲ. 1984ರಲ್ಲಿ ಸುಗುಣ ಕಂಪನಿ ಹುಟ್ಟಿದ್ದೂ ಉಡುಮಲೆಯಲ್ಲೇ. ಮನೆಯಲ್ಲಿ ಕೋಳಿ ಆಹಾರದ ಚೀಲ ಮಿಕ್ಕಿರುತ್ತದೆ, ಒಂದು ಮೊರ ಕುದುರೆಗೂ ಸುರಿಯುತ್ತಾರೆ. ಕೋಳಿಗೆ ರಕ್ತಭೇದಿ ತಡೆಯಲು ಆ ಆಹಾರಕ್ಕೆ ಬೆರೆಸುವ ಮೊನೆನ್ಸಿನ್, ಸಾಲಿನೊಮೈಸಿನ್ ಕುದುರೆಯ ಹೃದಯಕ್ಕೆ ವಿಷ. ಸ್ವಲ್ಪವೇ ಸಾಕು. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ, ಹೋದದ್ದು ಹೋಯಿತು. ಕೋಳಿ ಆಹಾರದ ಕೋಣೆಗೂ ಕುದುರೆ ಲಾಯಕ್ಕೂ ನಡುವೆ ಬೀಗ ಇರಲಿ.

ಹುರುಳಿ ಮಾತ್ರ ನಮ್ಮ ಒಣ ಹೊಲದ್ದೇ. ಇಂಗ್ಲಿಷರು ಅದಕ್ಕೆ ಇಟ್ಟ ಹೆಸರೇ ಕುದುರೆ ಕಾಳು ಎಂದು. ನೆನೆಸಿ, ಬೇಯಿಸಿ, ಅಳತೆಯಲ್ಲಿ ಕೊಡಿ. ಕೆಲಸವಿಲ್ಲದೆ ನಿಂತ ಕುದುರೆಗೆ ಪ್ರೀತಿಯಿಂದ ಬುಟ್ಟಿಗಟ್ಟಲೆ ಕಾಳು ಹಾಕಿದರೆ ಹೊಟ್ಟೆಶೂಲೆ ಬರುತ್ತದೆ.

ಹಾಗಾದರೆ ಕುದುರೆಯಿಂದ ದುಡ್ಡು ಬರುವುದು ಎಲ್ಲಿಂದ? ಮರಿ ಹಾಕಿಸಿ ಮಾರುತ್ತೇನೆ ಎನ್ನುವವರು ಮೊದಲು ಕ್ಯಾಲೆಂಡರ್ ನೋಡಬೇಕು. ಹೆಣ್ಣು ಕುದುರೆ ಗಬ್ಬ ಹೊರುವುದು 11 ತಿಂಗಳು. ಮರಿ ಸವಾರಿಗೆ ಬರಲು ಮೂರು ವರ್ಷ. ನಾಲ್ಕು ವರ್ಷ ಕೈಯಿಂದ ಹಾಕಿ ತಿನ್ನಿಸುವ ಗಟ್ಟಿತನ ಇರುವ ಒಕ್ಕಲಿಗೆ ಮಾತ್ರ ಅದು. ಮದುವೆ ಮೆರವಣಿಗೆ, ದೇವರ ಉತ್ಸವ, ಸಿನಿಮಾ ಶೂಟಿಂಗು ಇವೆ. ಮದುವೆಯ ತಿಂಗಳು ಕಳೆದರೆ ಕುದುರೆ ಕಟ್ಟಿಹಾಕಿದಲ್ಲೇ ತಿನ್ನುತ್ತದೆ. ಸಿನಿಮಾಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು.

ನಿಲ್ಲುವ ಆದಾಯ ಸವಾರಿ ಕಲಿಸುವುದರಲ್ಲಿದೆ. ಕೊಯಮತ್ತೂರಿನಲ್ಲಿ ಈಗ ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಶಾಲೆಗಳಿವೆ. ಡಾಕ್ಟರು, ಮಿಲ್ ಮಾಲೀಕರ ಮಕ್ಕಳು ಬೆಳಿಗ್ಗೆ ಕಾರಿನಲ್ಲಿ ಬರುತ್ತಾರೆ. ರೇಸಿನಿಂದ ನಿವೃತ್ತವಾದ ಕುದುರೆಗಳು ಇಂಥ ಶಾಲೆಗಳಿಗೆ ಬರುತ್ತವೆ, ಆದರೆ ಓಟಕ್ಕೇ ಪಳಗಿದ ಕುದುರೆಯನ್ನು ಮಗುವಿನ ಕೆಳಗೆ ನಿಲ್ಲುವಂತೆ ಮಾಡಲು ತಿಂಗಳುಗಟ್ಟಲೆ ಕೈ ಬೇಕು. ಆ ಕೈಯೇ ಬಂಡವಾಳ. ಬೆಂಗಳೂರಿನಲ್ಲಿ 1996ರಲ್ಲಿ ಶುರುವಾದ ಎಂಬಸಿ ಸವಾರಿ ಶಾಲೆಯನ್ನು ಕಟ್ಟಿದ ಸಿಲ್ವಾ ಸ್ಟೊರಾಯ್ ಇಟಲಿಯಿಂದ ಬಂದವರು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿ ಗೆದ್ದರು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ 23ನೆಯವರಾದರು. ಅವರ ತಂದೆ ಕುದುರೆ ವೈದ್ಯರು. ಅಂದರೆ ಆ ಮನೆಯಲ್ಲಿ ಕುದುರೆಯಿಂದ ಬರುವ ಅನ್ನ ಮೊದಲೇ ಇತ್ತು, ಮಗನ ಮೋಹ ಅದರ ಮೇಲೆ ಬೆಳೆಯಿತು.

ನಮ್ಮ ಹಳ್ಳಿ ಹುಡುಗನಿಗೆ ಇದರಲ್ಲಿ ದಾರಿ ಇದೆ. ಕುದುರೆ ಕೊಳ್ಳುವ ಮುಂಚೆ ಯಾರದೋ ಲಾಯದಲ್ಲಿ ಎರಡು ವರ್ಷ ಲದ್ದಿ ಬಾಚಲಿ. ಲಾಳ ಕಟ್ಟುವುದನ್ನು ಕಲಿಯಲಿ. ಒಳ್ಳೆಯ ಲಾಳಗಾರ ಸಿಗುವುದಿಲ್ಲ ಅನ್ನುವುದು ಕುದುರೆ ಇಟ್ಟವರೆಲ್ಲರ ಗೋಳು. ಸ್ವಂತ ಕುದುರೆ ಒಂದೂ ಇಲ್ಲದೆ, ಬೈಕಿನ ಹಿಂದೆ ಸುತ್ತಿಗೆ, ಇಕ್ಕುಳ, ಅರ ಕಟ್ಟಿಕೊಂಡು ಊರೂರು ಸುತ್ತುವ ಲಾಳಗಾರನಿಗೆ ಆರು ವಾರಕ್ಕೊಮ್ಮೆ ಅದೇ ಗಿರಾಕಿ ಕರೆದೇ ಕರೆಯುತ್ತಾನೆ.

ಚಿನ್ನ ತಿನ್ನುವುದಿಲ್ಲ, ಸವೆಯುತ್ತದೆ

ಕೊಯಮತ್ತೂರಿನ ರಾಜವೀದಿ, ಪೆರಿಯಕಡೈ ವೀದಿಯಿಂದ ಸೆಲ್ವಪುರಂ, ತೆಲುಂಗುಪಾಳ್ಯದ ಸಂದಿಗಳವರೆಗೆ ಒಡವೆ ಪಟ್ಟರೆಗಳು. ಎರಕ, ಮೆಷಿನ್ ಕಟಿಂಗ್, ಹಗುರ ತೂಕದ ಸರಗಳಿಗೆ ಈ ಊರಿನ ಹೆಸರು ದಕ್ಷಿಣದ ಎಲ್ಲ ಅಂಗಡಿಗಳಿಗೂ ಗೊತ್ತು. ವಜ್ರದ ಕೀರ್ತಿಲಾಲ್ ಮನೆತನ 1939ರಿಂದ ಇಲ್ಲಿದೆ. 1984ರಲ್ಲಿ ಕೆ. ಶ್ರೀನಿವಾಸನ್ ಆರಂಭಿಸಿದ ಎಮರಾಲ್ಡ್ ಕಂಪನಿ ಈಗ ದೇಶದ ದೊಡ್ಡ ಒಡವೆ ತಯಾರಕರ ಸಾಲಿನಲ್ಲಿದೆ. ಪಟ್ಟರೆಗಳ ಒಳಗೆ ಹೋದರೆ ತಮಿಳು ಪತ್ತರ ಪಕ್ಕದಲ್ಲೇ ಬಂಗಾಳದಿಂದ ಬಂದ ಕುಶಲಿಗಳು. ಚಿನ್ನ ಕರಗಿಸಿ ಶುದ್ಧ ಮಾಡುವವರು ಸಾಂಗ್ಲಿ, ಸಾತಾರಾ ಕಡೆಯ ಮರಾಠಿಗರು. ಜಾತಿಯ ಕಸುಬು ಎಂಬ ಗೋಡೆ ಎಂದೋ ಬಿರುಕು ಬಿಟ್ಟಿದೆ. "ಅದು ಆಚಾರಿಗಳದ್ದು" ಎಂದು ಮಗನನ್ನು ತಡೆಯುವ ಗೌಡರು ಒಂದು ಸಲ ಆ ಸಂದಿಗಳಲ್ಲಿ ತಿರುಗಿ ಬರಲಿ.

ಆ ಬಿರುಕು ಬಿದ್ದದ್ದಕ್ಕೆ ಒಂದು ದುಃಖದ ಕತೆಯೂ ಇದೆ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ ಚಿನ್ನ ನಿಯಂತ್ರಣ ಬಂತು. 14 ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಹೊಸದಾಗಿ ಮಾಡಬಾರದು ಎಂದಾಯಿತು. ದೇಶದ ಉದ್ದಗಲಕ್ಕೂ ಅಕ್ಕಸಾಲಿಗಳ ಕುಲುಮೆ ಆರಿತು, ಪ್ರಾಣ ಕಳೆದುಕೊಂಡವರೂ ಇದ್ದರು. 14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಸಡಿಲವಾದರೂ 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರವರೆಗೆ ಕುತ್ತಿಗೆ ಮೇಲೇ ಇತ್ತು. ಒಂದು ತಲೆಮಾರಿನ ಮಕ್ಕಳು ಅಪ್ಪನ ಅಡಿಗಲ್ಲನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋದರು. ವಿಚಿತ್ರ ನೋಡಿ: 2025ರಲ್ಲಿ 10 ಗ್ರಾಂ ಶುದ್ಧ ಚಿನ್ನ ಲಕ್ಷ ರೂಪಾಯಿ ದಾಟಿದ ಮೇಲೆ, ಅದೇ ವರ್ಷ 9 ಕ್ಯಾರೆಟ್ ಒಡವೆಗೂ ಹಾಲ್‌ಮಾರ್ಕ್ ಬಂತು. ಅಂದು ಸರ್ಕಾರ ಬಡಿದರೂ ಒಪ್ಪದ ಜನ ಇಂದು ಬೆಲೆಯ ಏಟಿಗೆ 14, 18 ಕ್ಯಾರೆಟ್ ಕೇಳುತ್ತಿದ್ದಾರೆ.

ಈ ಕಸುಬಿನ ದುಡ್ಡು ಎಲ್ಲಿದೆ ಅಂದರೆ ‘ಸೇದಾರಂ’ನಲ್ಲಿ. ತಮಿಳು ಅಂಗಡಿಯಲ್ಲಿ ಒಡವೆ ಕೊಂಡವರಿಗೆ ಸೇದಾರಂ, ಸೆಯ್‌ಕೂಲಿ ಎರಡೂ ಪದ ಬಾಯಿಪಾಠ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಗಡಿಯವರು 100 ಗ್ರಾಂ ಚಿನ್ನ ಕೊಟ್ಟು ಶೇ 3ರ ಸವಕಳಿ ಒಪ್ಪಿದರು ಅನ್ನಿ. ಕುಶಲಿ 97 ಗ್ರಾಂ ಒಡವೆ ಹಿಂದಕ್ಕೆ ಕೊಡಬೇಕು. ಅವನ ಅರ, ಬೆಸುಗೆ, ಪಾಲಿಶಿನಲ್ಲಿ ನಿಜವಾಗಿ ಹೋದದ್ದು 1 ಗ್ರಾಂ ಆದರೆ ಉಳಿದ 2 ಗ್ರಾಂ ಅವನ ದುಡಿಮೆ. 4 ಗ್ರಾಂ ಹೋದರೆ ಕೈಯಿಂದ 1 ಗ್ರಾಂ ಕಟ್ಟಬೇಕು. ಕೈಚಳಕ ಎನ್ನುವುದು ಇಲ್ಲಿ ಮಿಲಿಗ್ರಾಂ ಲೆಕ್ಕ. ಅದಕ್ಕೇ ಪಟ್ಟರೆಯ ನೆಲ ಗುಡಿಸಿದ ದೂಳನ್ನು ಯಾರೂ ಬೀದಿಗೆ ಎಸೆಯುವುದಿಲ್ಲ, ಕೈ ತೊಳೆದ ನೀರನ್ನೂ ಹಿಡಿದಿಡುತ್ತಾರೆ. ಪಟ್ಟರೆ ಮುಂದಿನ ಚರಂಡಿಯ ಕೆಸರು ತೊಳೆದು ಚಿನ್ನದ ಕಣ ಹುಡುಕಿ ಬದುಕುವವರೂ ಇದ್ದಾರೆ.

ಕಲಿಕೆಯ ಸಾಲು ಹಳೆಯದೇ: ಮೊದಲು ಬೆಂಕಿ ಊದುವುದು, ಆಮೇಲೆ ಅರ ಹಿಡಿಯುವುದು, ಕಂಬಿ ಎಳೆಯುವುದು, ಬೆಸುಗೆ, ಕೊನೆಗೆ ಕಲ್ಲು ಕೂರಿಸುವುದು. ಈಗ ಅದಕ್ಕೆ ಕಂಪ್ಯೂಟರಿನಲ್ಲಿ ವಿನ್ಯಾಸ ಬಿಡಿಸುವುದು, ಮೇಣದ ಅಚ್ಚು ಸೇರಿವೆ. ಆದರೆ ಬೆಸುಗೆ ಗೊತ್ತಿಲ್ಲದವನು ಕಂಪ್ಯೂಟರಿನಲ್ಲಿ ಬಿಡಿಸಿದ ಜುಮುಕಿ ಕಿವಿಯಲ್ಲಿ ನಿಲ್ಲುವುದಿಲ್ಲ ಎಂದು ಪತ್ತರು ನಗುತ್ತಾರೆ. ನಗುವಿನಲ್ಲಿ ಸತ್ಯವಿದೆ.

ಚಿನ್ನ ಮುಟ್ಟುವಷ್ಟು ಬಂಡವಾಳ ಇಲ್ಲದವರಿಗೆ ಬೆಳ್ಳಿ, ಹಿತ್ತಾಳೆ, ಸುಟ್ಟ ಮಣ್ಣಿನ ಒಡವೆ ಇದೆ. ಸುಟ್ಟ ಮಣ್ಣಿನ ಜುಮುಕಿ, ಪದಕಗಳನ್ನು ತಮಿಳುನಾಡಿನ ಹೆಣ್ಣುಮಕ್ಕಳು ಮನೆಯಲ್ಲಿಯೇ ಮಾಡಿ ಮಾರುತ್ತಿದ್ದಾರೆ. ಮೂಲ ಸಾಮಾನು ಕೆರೆಯ ಮಣ್ಣು. ತಪ್ಪಾದರೆ ಮತ್ತೆ ಕಲಸಬಹುದು.

ಚಿನ್ನವನ್ನು ಸ್ವಂತ ಹೆಸರಿನಲ್ಲಿ ಮಾರುವುದಾದರೆ ಕಾನೂನು ತಿಳಿದಿರಬೇಕು. 2021ರ ಜೂನ್ 16ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗುತ್ತಾ ಬಂತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಯ ಗುರುತು ಇಲ್ಲದ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ವರ್ಷದ ವಹಿವಾಟು 40 ಲಕ್ಷದೊಳಗಿನವರಿಗೆ ವಿನಾಯಿತಿ ಇದೆ; ಬೇರೆಯವರ ಚಿನ್ನಕ್ಕೆ ಕೂಲಿ ಕೆಲಸ ಮಾತ್ರ ಮಾಡುವ ಕುಶಲಿಗೂ ನೋಂದಣಿ ಬೇಕಿಲ್ಲ. ಜಿಎಸ್‌ಟಿ ಒಡವೆಗೆ ಶೇ 3, ಕೂಲಿ ಕೆಲಸಕ್ಕೆ ಶೇ 5. ಸಾಲ ಬೇಕಾದರೆ ಗಡಿಯ ಯಾವ ಕಡೆ ಇದ್ದೀರಿ ನೋಡಿಕೊಳ್ಳಿ. 2023ರ ಸೆಪ್ಟೆಂಬರಿನಲ್ಲಿ ಬಂದ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಯೂ ಇದೆ. ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ ಶೇ 5ರ ಬಡ್ಡಿಗೆ. ತಮಿಳುನಾಡು ಅದನ್ನು ಒಪ್ಪದೆ 2025ರಲ್ಲಿ ತನ್ನದೇ ಕೈಕಸುಬು ಯೋಜನೆ ತಂದಿತು.

ಎರಡೂ ಕೂಡುವ ಜಾಗ

ಎರಡು ಹುಚ್ಚೂ ಒಬ್ಬರಿಗೇ ಇದ್ದರೆ? ಇಂಥವರು ಇಲ್ಲದಿಲ್ಲ. ಅವರಿಗೆ ಅಂದಿಯೂರು ಸಂತೆಯಲ್ಲೇ ಒಂದು ಓಣಿ ಇದೆ, ಜನ ಕುದುರೆ ನೋಡುವ ಭರದಲ್ಲಿ ದಾಟಿ ಹೋಗುತ್ತಾರೆ. ಹಗ್ಗ, ಚಾಟಿ, ಹಿತ್ತಾಳೆ ಗಂಟೆ, ಗೆಜ್ಜೆ ಪಟ್ಟಿ, ಎತ್ತಿನ ಕೊಂಬಿಗೆ ಹಾಕುವ ಕುಪ್ಪಿ, ಕುದುರೆಯ ಹಣೆಪಟ್ಟಿ, ಜೀನು, ಲಗಾಮು. ಪ್ರಾಣಿಯ ಒಡವೆ ಅಂಗಡಿ ಎಂದೇ ಕರೆಯಬಹುದು. ವೆಳ್ಳಕೋವಿಲ್ ಹತ್ತಿರದ ಕನ್ನಪುರಂ ಮಾರಿಯಮ್ಮನ ಚಿತ್ತಿರೈ ಸಂತೆಯಲ್ಲೂ, ಪೊಳ್ಳಾಚಿ–ಉಡುಮಲೆಯ ರೇಕ್ಲಾ ಓಟದ ಬಯಲಲ್ಲೂ ಎತ್ತಿಗೆ ಸಿಂಗಾರ ಮಾಡುವ ಗಿರಾಕಿ ಚೌಕಾಸಿ ಮಾಡುವುದಿಲ್ಲ. ಹೆಂಡತಿಯ ಬಳೆಗೆ ಮಾಡುತ್ತಾನೆ. ಜಲ್ಲಿಕಟ್ಟು, ರೇಕ್ಲಾಗಳಿಗೆ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದಾಗ ಈ ಗೆಜ್ಜೆ ವ್ಯಾಪಾರವೂ ಮಂಕಾಗುವ ಹೊತ್ತಾಗಿತ್ತು. 2017ರಲ್ಲಿ ತಮಿಳುನಾಡು ಕಾನೂನು ತಿದ್ದಿತು, ನಮ್ಮ ಕಂಬಳಕ್ಕೂ ಕರ್ನಾಟಕ ಹಾಗೇ ಮಾಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಎರಡನ್ನೂ ಎತ್ತಿಹಿಡಿಯಿತು.

ಚರ್ಮ ಹೊಲಿಯುವ ಕೈ, ಹಿತ್ತಾಳೆ–ಬೆಳ್ಳಿ ಬಡಿಯುವ ಕೈ, ಕುದುರೆಯ ಮೈ ತಿಳಿದ ಕಣ್ಣು ಮೂರೂ ಇರುವವರು ಕಡಿಮೆ. ಅಳತೆ ತಪ್ಪಿದ ಜೀನು ಕುದುರೆಯ ಬೆನ್ನಿನಲ್ಲಿ ಹುಣ್ಣು ಮಾಡುತ್ತದೆ, ಒಡೆಯನಿಗೆ ವೈದ್ಯರ ಖರ್ಚು ತರುತ್ತದೆ. ಅಳತೆ ತೆಗೆದು, ಹಣೆಪಟ್ಟಿಗೆ ಒಡೆಯನ ಹೆಸರಿನ ಬೆಳ್ಳಿ ಬಿಲ್ಲೆ ಕೂರಿಸಿ ಕೊಡುವವನಿಗೆ ಸವಾರಿ ಶಾಲೆ, ಮದುವೆ ಕುದುರೆಯವರು, ದೇವಸ್ಥಾನ, ರೇಕ್ಲಾ ಮನೆಗಳು ಎಲ್ಲ ಗಿರಾಕಿಗಳೇ. ಇವನ ಅಂಗಡಿ ಸಾಮಾನು ರಾತ್ರಿ ಹುಲ್ಲು ಕೇಳುವುದಿಲ್ಲ.

ಇನ್ನೊಂದು ಸಣ್ಣ ಸಾಮಾನು ನಮ್ಮವರಿಗೆ ಚೆನ್ನಾಗಿ ಗೊತ್ತು: ಕರಿ ಕುದುರೆಯ ಲಾಳದ ಉಂಗುರ. ಶನಿ ಕಾಟಕ್ಕೆ ಅಂತ ನಡುಬೆರಳಿಗೆ ಹಾಕುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ ಉಂಗುರಗಳಷ್ಟು ಲಾಳ ಹೊಡೆಯಲು ದೇಶದ ಕರಿ ಕುದುರೆಗಳು ಸಾಲುತ್ತವೆಯೇ ಎನ್ನುವುದು ಕೇಳಬೇಕಾದ ಪ್ರಶ್ನೆ. ಕಬ್ಬಿಣದ ಮೊಳೆಯೂ ಬಾಗಿಸಿದರೆ ಉಂಗುರವೇ. ಸ್ವಂತ ಲಾಯದ ಸವೆದ ಲಾಳವನ್ನು ಗಿರಾಕಿಯ ಎದುರೇ ಕಾಸಿ ಬಡಿದು ಕೊಡುವ ಲಾಳಗಾರನಿಗೆ ಆ ಅನುಮಾನದ ಕಾಟವಿಲ್ಲ.

ಯುರೋಪು, ಅಮೆರಿಕದಲ್ಲಿ ಕುದುರೆಯ ಬಾಲದ ಕೂದಲನ್ನು ಹೆಣೆದು ಬೆಳ್ಳಿ ಕೊಕ್ಕೆ ಹಾಕಿ ಕೈಪಟ್ಟಿ ಮಾಡುತ್ತಾರೆ. ಸಾಕಿದ ಕುದುರೆ ಸತ್ತ ಮೇಲೆ ಅದರ ನೆನಪಿಗೆ ಒಡೆಯರು ಕೂದಲು ಕಳಿಸಿ ಮಾಡಿಸಿಕೊಳ್ಳುತ್ತಾರೆ. ಕೂದಲನ್ನು ಸೋಪಿನಲ್ಲಿ ತೊಳೆದು, ಒಂದೇ ಉದ್ದಕ್ಕೆ ಆರಿಸಿ, ಎಂಟೆಳೆ, ಹದಿನಾರೆಳೆಯಾಗಿ ಹೆಣೆಯುವ ಕೆಲಸ. ಮಗ್ಗದ ಮನೆಯ ಬೆರಳುಗಳಿಗೆ ಇದು ಕಷ್ಟವಲ್ಲ, ಪ್ರಾಣಿಗೆ ನೋವೂ ಇಲ್ಲ. ಆದರೆ ಅದೇ ಕೈಯಲ್ಲಿ ಆನೆ ಬಾಲದ ಕೂದಲಿನ ಉಂಗುರ ಮಾಡಲು ಹೋಗಬೇಡಿ. ಗಡಿ ಕಾಡಿನ ಸಂತೆಗಳಲ್ಲಿ ಅದನ್ನು ಕೇಳುವವರು ಇದ್ದಾರೆ; 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕೊಡುವುದೂ ಕೊಳ್ಳುವುದೂ ಅಪರಾಧ.

ಅಂದಿಯೂರು ಸಂತೆಗೆ ಹೋಗುವ ನಮ್ಮ ಕಡೆಯವರಿಗೆ ಎರಡು ದಾರಿ. ಕೊಳ್ಳೇಗಾಲದಿಂದ ಹನೂರು, ರಾಮಾಪುರ, ಗರಿಕೆಕಂಡಿ, ಬರಗೂರು ಬೆಟ್ಟ ಇಳಿದು ಅಂದಿಯೂರು. ಚಾಮರಾಜನಗರದವರಿಗೆ ದಿಂಬಂ ಘಾಟಿ ಇಳಿದು ಸತ್ಯಮಂಗಲದ ಮೇಲೆ. ಅಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಹಗಲಲ್ಲೇ ದಾಟಿಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋಗಿ, ಕುದುರೆ ತೋರಿಸಿ. ಆಮೇಲೆ ಆ ಗೆಜ್ಜೆ ಅಂಗಡಿಗಳ ಓಣಿಯಲ್ಲೂ ಒಂದು ಗಳಿಗೆ ನಿಲ್ಲಿಸಿ, ಯಾರು ಏನು ಕೊಳ್ಳುತ್ತಾರೆ, ಎಷ್ಟು ಕೊಡುತ್ತಾರೆ ಎಂದು ಅವರೇ ಎಣಿಸಿಕೊಳ್ಳಲಿ.